ಟವೆಲ್ಲಿನ ಕೆಳಗೆ

ಕಲಬುರಗಿ ಗಂಜಿನಲ್ಲಿ ನನ್ನಪ್ಪ ದಲಾಲಿ ಮಾಡುತ್ತಿದ್ದ.
ಬೆಲೆಯನ್ನು ಬಾಯಿಬಿಟ್ಟು ಹೇಳಿದವನಲ್ಲ.
ಹೆಗಲ ಟವೆಲ್ಲು ಇಳಿಸಿ ಅದರಡಿ
ಕೊಳ್ಳುವವನ ಕೈ ಹಿಡಿಯುತ್ತಿದ್ದ.
ಮೂರು ಬೆರಳು ಹಿಡಿದರೆ ಮುನ್ನೂರು,
ಗೆಣ್ಣು ಒತ್ತಿದರೆ ಮತ್ತೆ ಐವತ್ತು.
ಮೇಲೆ ಮಂಡಿನೋವಿನ ಮಾತು, ಬೀಗರ ಮಾತು.
ಕೆಳಗೆ ಒಂದು ಲಾರಿ ತೊಗರಿ ಊರು ಬಿಡುತ್ತಿತ್ತು.
ಎಂಟು ವರ್ಷದವಳು, ಒಮ್ಮೆ
ಆ ಕತ್ತಲಲ್ಲಿ ನಾನೂ ಕೈ ಇಟ್ಟೆ.
ಬೆವರು. ಬೆಚ್ಚಗೆ. ಯಾರ ಬೆರಳು ಯಾರದೆಂದು ತಿಳಿಯಲಿಲ್ಲ.

ಈಗ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ
ಗಾಜಿನ ಮೇಲಿನ ಮಾಂಸಕ್ಕೆ ಬಣ್ಣ ಹಾಕುತ್ತೇನೆ.
ಇವತ್ತಿನದು: ಜಗದೇವಿ, ನಲವತ್ತನಾಲ್ಕು,
ಗರ್ಭಕಂಠದ ತುಣುಕು, ಕಡ್ಲೆಬೇಳೆಯಷ್ಟು.

ಜೀವಕೋಶದ ಬಾಗಿಲಲ್ಲಿ ಒಬ್ಬ ಕಾವಲುಗಾರ.
ಹೆಸರಿಲ್ಲ, ನಂಬರಿದೆ: ಪಿ ಐವತ್ತಮೂರು.
ಹರಿದ ಚೀಲ ಕಂಡರೆ ನಿಲ್ಲು ಅನ್ನುತ್ತಾನೆ,
ಹೊಲಿಗೆ ಕೂಡದಿದ್ದರೆ ಸಾಯಿ ಅನ್ನುತ್ತಾನೆ.
ಅದೇ ಅವನ ನೌಕರಿ.
ಅವನಿರುವ ಮನೆಗೆ ಬಂತು
ಎಂಟು ಸಾವಿರ ಅಕ್ಷರದ ಒಂದು ಚೀಟಿ.
ಚೀಟಿಯೊಳಗೆ ಇಬ್ಬರು ದಲಾಲರು,
ಇ-ಆರು, ಇ-ಏಳು.

ಆರಕ್ಕೆ ಕೊಲ್ಲುವ ತಾಕತ್ತಿಲ್ಲ.
ಹಲ್ಲಿಲ್ಲ, ಕತ್ತರಿಯಿಲ್ಲ,
ಬರೀ ಪರಿಚಯ ಮಾಡಿಸುತ್ತದೆ.
ಒಂದು ಕೈಯಲ್ಲಿ ಕಾವಲುಗಾರನ ಬೆರಳು,
ಇನ್ನೊಂದರಲ್ಲಿ ಅದೇ ಮನೆಯ ಗುಮಾಸ್ತನದು,
ಹಳೆ ಸಾಮಾನಿಗೆ ರದ್ದಿಯೆಂದು ಗುರುತು ಅಂಟಿಸುವವನು,
ಹಿಂದೆಂದೂ ಈ ಕಾವಲುಗಾರನ ತಂಟೆಗೆ ಹೋದವನಲ್ಲ.
ಟವೆಲ್ಲಿನಡಿ ಯಾವ ಗೆಣ್ಣು ಒತ್ತಿತೋ,
ಗುಮಾಸ್ತ ಗುರುತು ಅಂಟಿಸಿಬಿಟ್ಟ.
ಗುರುತು ಬಿದ್ದದ್ದನ್ನು ಗಿರಣಿ ವಿಚಾರಿಸುವುದಿಲ್ಲ.
ಅರೆಯುತ್ತದೆ.

ಏಳರ ರೀತಿ ಬೇರೆ.
ಆರ್‌ಬಿ ಅಂತ ಒಬ್ಬ ಮುದುಕಿ,
ಹೋರಿಯ ಮೂಗುದಾರ ಹಿಡಿದು ಕೂತವಳು:
ಇನ್ನೂ ಹೊತ್ತಾಗಿಲ್ಲ, ತಡಿ.
ಏಳು ಬಂದು ಅವಳ ಅಂಗೈಯೊಳಗೆ
ತನ್ನ ಅಂಗೈ ಇಟ್ಟಿತು, ಮೊಮ್ಮಗುವಿನ ಹಾಗೆ.
ಹಗ್ಗ ಜಾರಿತು.

ಇದನ್ನು ಕಂಡು ಕೂಗಿದವನು ಪಿ ಹದಿನಾರು.
ತಡೀರಿ, ತಡೀರಿ.
ತಡೆಯುವ ಕೈಯೇ ಇಲ್ಲದ ಮನೆಯಲ್ಲಿ
ಕೂಗಿ ಕೂಗಿ ರಾಶಿಯಾದ.
ನಾನು ಬಣ್ಣ ಹಾಕುವುದು ಆ ಕೂಗಿಗೇ.
ಗಾಜಿನ ಅಂಚಿನಿಂದ ಅಂಚಿಗೆ
ಹಳೆ ಬೆಲ್ಲದ ಕಂದು.

ವೈರಸ್ಸಿಗೂ ಇದರಲ್ಲಿ ಲಾಭವಿಲ್ಲ, ಗೊತ್ತಾ.
ಗಡ್ಡೆಯಾದ ಮೇಲೆ ಅದೂ ಒಳಗೇ ಸಿಕ್ಕಿಬೀಳುತ್ತದೆ,
ಇನ್ನೊಂದು ಮನೆಗೆ ದಾಟುವ ದಾರಿ ಮುಚ್ಚುತ್ತದೆ.
ದಲಾಲಿ ಯಾರಿಗೂ ಸಿಗದ ವ್ಯಾಪಾರ.

ಮತ್ತೆ ಇನ್ನೊಂದು, ರಿಪೋರ್ಟಿನಲ್ಲಿ ಬರೆಯಲು ಜಾಗವಿಲ್ಲದ್ದು:
ಕಾವಲುಗಾರ ಕೆಟ್ಟವನಾಗಿಲ್ಲ.
ಅವನನ್ನು ಬರೆದ ಅಕ್ಷರ ಒಂದೂ ತಪ್ಪಿಲ್ಲ.
ಗಳಿಗೆಗೊಮ್ಮೆ ಹುಟ್ಟುತ್ತಾನೆ,
ಟೊಪ್ಪಿಗೆ ಸರಿಮಾಡಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಗಿರಣಿ.
ಮತ್ತೆ ಹುಟ್ಟುತ್ತಾನೆ.
ಯಾರಾದರೂ ಆ ಟವೆಲ್ಲು ಎಳೆದರೆ ಸಾಕಿತ್ತು.
ಎಳೆಯುವ ಔಷಧಿ ನಮ್ಮ ಕಪಾಟಿಗೆ ಇನ್ನೂ ಬಂದಿಲ್ಲ.

ಮೂರು ಗಂಟೆಗೆ ಕಿಟಕಿಯಲ್ಲಿ ಜಗದೇವಿ.
ಗಂಜಿನಲ್ಲಿ ಜರಡಿ ಹಿಡಿಯುವವಳು,
ಹುಬ್ಬಿನ ಮೇಲೆ ತೊಗರಿ ಹೊಟ್ಟು.
"ಅಕ್ಕೋರೆ, ನಾ ಏನ್ ತಪ್ಪ ಮಾಡೀನ್ರಿ?
ನಮ್ಮತ್ತಿ ನನ್ನ ತಾಟ ಬ್ಯಾರೆ ಇಟ್ಟಾಳ."

ಫಲಿತಾಂಶ ಡಾಕ್ಟರು ಹೇಳಬೇಕು, ನಾನು ಹೇಳುವಂತಿಲ್ಲ.
ತಪ್ಪು ನಿಂದಲ್ಲ, ಅಂದೆ. ಅಷ್ಟನ್ನು ಯಾರ ಸಹಿಯಿಲ್ಲದೆ ಹೇಳಬಹುದು.
ಅವಳ ಸೆರಗು ಕಿಟಕಿಕಟ್ಟೆಯ ಮೇಲೆ ಬಿದ್ದಿತ್ತು.
ಅದರಡಿ ಅವಳ ಕೈ ಸಿಕ್ಕಿತು.
ಹಿಡಿದೆ. ಎಷ್ಟು ಬೆರಳು, ಎಲ್ಲಿ ಒತ್ತಿದೆ, ನೆನಪಿಲ್ಲ.

ಅವಳು ತುಸು ನಕ್ಕಳು. ಗಂಜಿನವಳಲ್ಲವೇ.
"ಇದು ಯಾ ರೇಟ್ ಆತ್ರಿ, ಅಕ್ಕೋರೆ?"